ಧರ್ಮರಾಯನ ಮೇಲೆ ಫೋಕಸ್

“ವಿಶಾಲಣ್ಣಾ, ಕೈ ಕೆಳಗ ಇಳಸು. ಅತ್ತಿ ಮುಖ ಮುಚ್ಚೇತಿ.”

ಎರೆಮಣ್ಣಿನಲ್ಲಿ ಮೊಣಕಾಲೂರಿ ಕೂತಿದ್ದ ಕಾವೇರಿ ಕ್ಯಾಮೆರಾದ ಹಿಂದಿನಿಂದಲೇ ಕೂಗಿ ಹೇಳಿದಳು. ವಿಶಾಲ ಕೈ ಇಳಿಸಿದ. ಇಳಿಸಿದವನು ಸುಮ್ಮನಿದ್ದನೇ? ಅಜ್ಜನ ತಲೆಯ ಪಟಗಾದ ಹಿಂದೆ ಎರಡು ಬೆರಳನ್ನು ಕೊಂಬಿನ ಹಾಗೆ ಎತ್ತಿ ಹಿಡಿದ. ಎಂಟನೇ ಕ್ಲಾಸಿಗೆ ಬಂದರೂ ಅವನದು ಅಷ್ಟೇ ಬುದ್ಧಿ.

ಅವತ್ತು ಎಳ್ಳ ಅಮಾವಾಸ್ಯೆ. ಗಬ್ಬೂರಿನ ಹೊಲದಲ್ಲಿ ಚರಗ ಚೆಲ್ಲಿ ಆಗಿತ್ತು. ಅಂದರೆ, ಮನೆಯಿಂದ ಹೊತ್ತು ತಂದ ಅಡುಗೆಯಲ್ಲಿ ಭೂತಾಯಿಯ ಪಾಲನ್ನು ಹೊಲದ ತುಂಬಾ ಎರಚಿ ಬಂದಾಗಿತ್ತು. ಬನ್ನಿಗಿಡದ ಕೆಳಗೆ ಸುಣ್ಣ ಹಚ್ಚಿದ ಐದು ಕಲ್ಲುಗಳು ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದವು. ಅವೇ ಪಾಂಡವರು. ಎಲ್ಲಕ್ಕಿಂತ ದೊಡ್ಡ ಕಲ್ಲು ಧರ್ಮರಾಯ. ಭೀಮ ಯಾಕೆ ದೊಡ್ಡವನಲ್ಲ ಎಂದು ಕಾವೇರಿ ಪ್ರತಿ ವರ್ಷ ಕೇಳುತ್ತಿದ್ದಳು. ಹಿರೇರು ಅಂದರೆ ಹಿರೇರು, ಸುಮ್ಮನಿರು ಎಂದು ಅಜ್ಜಿ ಪ್ರತಿ ವರ್ಷ ಹೇಳುತ್ತಿದ್ದಳು.

ಪಾಂಡವರ ಹಿಂದೆ ಹದಿನೈದು ಹೆಜ್ಜೆ ದೂರದಲ್ಲಿ, ಎದೆಮಟ್ಟ ಬೆಳೆದ ಜೋಳದ ಮುಂದೆ, ಮನೆಮಂದಿ ನಿಂತಿದ್ದರು. ಹದಿನೆಂಟು ಮಂದಿ. ಹದಿನೆಂಟೂ ಮಂದಿಗೆ ಹಸಿವು. ಬುಟ್ಟಿಗಳಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕಡಬು ಎಲ್ಲಾ ಕಾಯುತ್ತಿದ್ದವು. ಆದರೆ ಫೋಟೋ ಆಗುವವರೆಗೆ ಯಾರೂ ಬುಟ್ಟಿ ಮುಟ್ಟುವಂತಿಲ್ಲ. ಅದು ಈರವ್ವಜ್ಜಿಯ ಆರ್ಡರು.

ಈ ಫೋಟೋದ ಗದ್ದಲ ಶುರು ಮಾಡಿದ್ದೂ ಅವಳೇ. ಗಬ್ಬೂರಿನ ಮನೆಯ ಪಡಸಾಲೆಯಲ್ಲಿ ಒಂದು ಹಳೇ ಫೋಟೋ ಇತ್ತು. ಮದುವೆಯಾದ ಹೊಸದರಲ್ಲಿ ಫಕೀರಪ್ಪಜ್ಜ, ಈರವ್ವಜ್ಜಿ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡದ್ದು. ಇಬ್ಬರ ಹಿಂದೆ ಗುಡ್ಡ, ಹೊಳೆ, ಎರಡು ಬಾತುಕೋಳಿ. ಎಲ್ಲಾ ಪರದೆಯ ಮೇಲೆ ಬಣ್ಣದಲ್ಲಿ ಬರೆದದ್ದು.

“ಐವತ್ತ ವರ್ಷ ಆ ಸುಳ್ಳ ಗುಡ್ಡದ ಮುಂದ ನಿಂತೇನಿ,” ಎಂದು ಅಜ್ಜಿ ಹಟ ಹಿಡಿದಿದ್ದಳು. “ಈಗ ನನಗ ನನ್ನ ಹೊಲಾ ಬೇಕು. ಪಾಂಡವರು ಬೇಕು. ನನ್ನ ಮಂದಿ ಅಷ್ಟೂ ಬೇಕು. ಒಂದ ಫೋಟೋದಾಗ.”

ಅಜ್ಜಿಯ ಕಿರಿಯ ಮಗ ಅಮರೇಶ, ಅಂದರೆ ಕಾವೇರಿಯ ಕಾಕಾ, ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಊರ ಮಂದಿಯ ಮದುವೆ, ಸೀಮಂತ, ಬರ್ತ್‌ಡೇ ಎಲ್ಲಾ ತೆಗೆಯುತ್ತಾನೆ. ಆದರೆ ಮನೆಯ ಒಂದು ಫೋಟೋದಲ್ಲೂ ಅವನಿಲ್ಲ. ಇರುವುದಾದರೂ ಹೇಗೆ, ತೆಗೆಯುವವನು ಅವನೇ. ಹೋದ ವರ್ಷ ಟೈಮರ್ ಹಚ್ಚಿ ಓಡಿಬರುವಾಗ ಎರೆಹೊಲದ ಬಿರುಕಿಗೆ ಕಾಲು ಸಿಕ್ಕಿ ಬಿದ್ದ. ಆ ಫೋಟೋದಲ್ಲಿ ಕಾಕಾನ ಎರಡು ಅಂಗಾಲು ಮಾತ್ರ ಬಂದಿವೆ.

ಅದಕ್ಕೇ ಈ ಸಲ ಕ್ಯಾಮೆರಾ ಕಾವೇರಿಯ ಕೈಗೆ ಬಂದಿತ್ತು. ಐದನೇ ಕ್ಲಾಸಿನ ಹುಡುಗಿಗೆ ಅಷ್ಟು ದೊಡ್ಡ ಕ್ಯಾಮೆರಾ ಕೊಡುತ್ತಾರೇನು ಎಂದು ಅಜ್ಜಿಯ ಮಗಳು, ಮಾಳಮಡ್ಡಿಯ ದಾಕ್ಷಾಯಿಣಿ ಅತ್ತೆ ಗಾಬರಿಯಾದಳು. ಅವಳ ಮಗ ವಿಶಾಲನಂತೂ ತನಗೇ ಕೊಡಿ ಎಂದು ಕಾಡಿದ. ಕಾವೇರಿ ರವಿವಾರ ರವಿವಾರ ಸ್ಟುಡಿಯೋದಲ್ಲಿ ಕೂತು ಕಲಿತಿದ್ದಾಳೆ, ಅವಳ ಕೈ ನಡುಗುವುದಿಲ್ಲ ಎಂದ ಕಾಕಾ. ಆ ಮಾತು ಕೇಳಿದ ದಿನದಿಂದ ಕಾವೇರಿಗೆ ಇದೇ ಧ್ಯಾನ.

ಕ್ಯಾಮೆರಾಕ್ಕೆ ಕಾಕಾ ವೈಡ್ ಲೆನ್ಸ್ ಹಾಕಿದ್ದ. ಅದೊಂದು ವಿಚಿತ್ರ ಲೆನ್ಸು. ಕಾಲ ಬಳಿಯ ಕಲ್ಲಿನಿಂದ ಹಿಡಿದು ಬೈಪಾಸ್ ರಸ್ತೆಯ ಲಾರಿಗಳವರೆಗೆ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಪುಟಾಣಿಯಾಗಿ ಕಾಣುತ್ತದೆ. ಕಾಕಾ ಹೇಳಿಕೊಟ್ಟದ್ದು ಇಷ್ಟೇ. ಸ್ಕ್ರೀನಿನ ಮೇಲಿನ ಹಸಿರು ಚೌಕವನ್ನು ಮಂದಿಯ ಮೇಲೆ ಇಡಬೇಕು. ಬಟನ್ ಅರ್ಧ ಒತ್ತಬೇಕು. ಪೀಂ ಅಂದಮೇಲೆ ಪೂರ್ತಿ ಒತ್ತಬೇಕು. ಚೌಕ ಎಲ್ಲಿದೆಯೋ ಫೋಕಸ್ ಅಲ್ಲಿ.

ಕಾವೇರಿ ಚೌಕವನ್ನು ಅಜ್ಜನ ಪಟಗಾದ ಮೇಲೆ ಇಟ್ಟಳು. ಬೆರಳು ಬಟನ್ ಮೇಲೆ ಹೋಯಿತು. ಆಗ ಅವಳಿಗೆ ಒಂದು ವಿಚಾರ ಬಂತು. ಆ ವಿಚಾರ ಬರದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮನೆಯಲ್ಲಿ ಏನೇ ಆಗಲಿ, ಮೊದಲು ದೇವರಿಗೆ. ಹೋಳಿಗೆ ಮೊದಲು ದೇವರಿಗೆ, ಹೊಸ ಅಂಗಿ ಮೊದಲು ದೇವರ ಮುಂದೆ, ಪರೀಕ್ಷೆಯ ಪೆನ್ನು ಕೂಡ ಮೊದಲು ದೇವರ ಜಗಲಿಯ ಮೇಲೆ. ಈಗ ಐದೂ ಪಾಂಡವರು ಎದುರಿಗೇ ಕೂತಿರುವಾಗ ಅವರನ್ನು ಬಿಟ್ಟು ಮಂದಿಗೆ ಫೋಕಸ್ ಕೊಡುವುದೇ? ಕಾವೇರಿಗೆ ಅದು ಸರಿ ಅನಿಸಲಿಲ್ಲ. ಚೌಕವನ್ನು ಮೆಲ್ಲಗೆ ಕೆಳಗೆ ತಂದು ಧರ್ಮರಾಯನ ಹಣೆಯ ಮೇಲೆ ಇಟ್ಟಳು. ಪೀಂ ಅಂದಿತು. ಒತ್ತಿಬಿಟ್ಟಳು.

ಒಂದಲ್ಲ, ಆರು ಫೋಟೋ ತೆಗೆದಳು. ಆರೂ ಸಲ ಫೋಕಸ್ ಧರ್ಮರಾಯನಿಗೇ.

ಕಾಕಾ ಓಡಿಬಂದು ನೋಡಿದ. ಅಷ್ಟರಲ್ಲೇ ಅವನ ಬಾಯಲ್ಲಿ ಒಂದು ಕಡಬು ಸೇರಿಕೊಂಡಿತ್ತು. ಬಿಸಿಲಿಗೆ ಕೈ ಅಡ್ಡ ಹಿಡಿದು ಪುಟ್ಟ ಸ್ಕ್ರೀನ್ ನೋಡಿ, ಕಡಬಿನ ಸಂದಿಯಿಂದಲೇ ಛಲೋ ಬಂದೈತಿ ಎಂದ. ಎಲ್ಲರೂ ಬುಟ್ಟಿಗಳ ಸುತ್ತ ಕೂತರು. ಸಂಜೆಯ ಹೊತ್ತಿಗೆ ಆ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿ ಸ್ಟೇಟಸ್ ಆಗಿತ್ತು. ಕಾವೇರಿಯ ಕ್ಲಾಸ್ ಟೀಚರ್ ಕೂಡ ಒಂದು ಹೂವು ಕಳಿಸಿದ್ದರು. ಕಾವೇರಿ ನೆಲದ ಮೇಲೆ ನಡೆಯುತ್ತಿರಲಿಲ್ಲ ಬಿಡಿ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸ್ಟುಡಿಯೋಕ್ಕೆ ಹೋದಳು. ಮೂರು ಫೂಟಿನ ಪ್ರಿಂಟ್ ಹಾಕುವುದಿತ್ತು. ಕಾಕಾ ಫೋಟೋವನ್ನು ದೊಡ್ಡ ಕಂಪ್ಯೂಟರಿಗೆ ಹಾಕಿ ಹಿಗ್ಗಿಸಿದ.

ಮೊದಲು ಧರ್ಮರಾಯ ಕಂಡ. ಸುಣ್ಣದ ಕುಂಚದ ಗೆರೆಗಳು, ಕುಂಕುಮದ ಒಂದೊಂದು ಕಣ, ಪಕ್ಕದ ಭೀಮನ ಮೇಲೆ ಹೊರಟಿದ್ದ ಇರುವೆಯ ಆರೂ ಕಾಲು ಎಣಿಸಬಹುದಿತ್ತು. ಕಾಕಾ ಭೇಷ್ ಎಂದ. ಆಮೇಲೆ ಫೋಟೋವನ್ನು ಮೇಲಕ್ಕೆ ಸರಿಸಿದ. ಸರಿಸಿ ಕುರ್ಚಿ ಮುಂದಕ್ಕೆ ಎಳೆದುಕೊಂಡ.

ಅಲ್ಲಿ ಮಂದಿ ಇದ್ದರು, ಆದರೆ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ. ಅಜ್ಜನ ಮೀಸೆ ಅಜ್ಜನ ಮುಖದಲ್ಲೇ ಕರಗಿ ಹೋಗಿತ್ತು. ಅವ್ವನಿಗೂ ಅತ್ತೆಗೂ ಫರಕು ಸೀರೆಯ ಬಣ್ಣದಲ್ಲಿ ಮಾತ್ರ. ಹದಿನೆಂಟು ಮುಖಗಳ ಜಾಗದಲ್ಲಿ ಹದಿನೆಂಟು ಹೋಳಿಗೆ ಇಟ್ಟ ಹಾಗಿತ್ತು. ಉಳಿದ ಐದು ಫೋಟೋಗಳಲ್ಲೂ ಅದೇ ಹೋಳಿಗೆ.

“ಫೋಕಸ್ ಎಲ್ಲಿ ಇಟ್ಟಿದ್ದಿ?” ಎಂದು ಕಾಕಾ ಕೇಳಿದ.

“ಧರ್ಮರಾಯನ ಮ್ಯಾಲ.”

“ಮಂದಿ ಮ್ಯಾಲ ಇಡು ಅಂದಿದ್ನೆಲ್ಲ?”

“ಮೊದಲ ದೇವರಿಗೆ ಅಲ್ಲೇನ್ರಿ ಕಾಕಾ?”

ಇದಕ್ಕೆ ಏನೆಂದು ಬೈಯುವುದು? ಕಾಕಾ ತಲೆ ಕೆರೆದುಕೊಂಡು, ತಪ್ಪು ತನ್ನದೂ ಇದೆ ಎಂದು ಒಪ್ಪಿಕೊಂಡ. ಈ ವೈಡ್ ಲೆನ್ಸು ದೊಡ್ಡ ಮೋಸಗಾರ. ಇದರಲ್ಲಿ ಎಲ್ಲಾ ಸಣ್ಣಗೆ ಬರುವುದರಿಂದ ಪುಟ್ಟ ಸ್ಕ್ರೀನಿನಲ್ಲಿ ಎಲ್ಲವೂ ಚೊಕ್ಕವಾಗಿಯೇ ಕಾಣುತ್ತದೆ. ಹಿಗ್ಗಿಸಿ ನೋಡಿದರೆ ಮಾತ್ರ ಬಣ್ಣ ಬಯಲು. ಕಡಬು ಬದಿಗಿಟ್ಟು ಅವನು ಹಿಗ್ಗಿಸಿ ನೋಡಬೇಕಾಗಿತ್ತು.

ಕಂಪ್ಯೂಟರಿನಲ್ಲಿ ಮಬ್ಬು ಮುಖಗಳನ್ನು ಸರಿಮಾಡುವ ಎಐ ಸಾಫ್ಟ್‌ವೇರ್ ಒಂದಿತ್ತು. ಅದನ್ನೂ ನೋಡೇಬಿಡೋಣ ಎಂದು ಕಾಕಾ ಒತ್ತಿದ. ಫಕೀರಪ್ಪಜ್ಜನಿಗೆ ಮೂವತ್ತೆರಡು ಹಲ್ಲು ಬಂದವು. ಅಜ್ಜನಿಗೆ ಇರುವುದು ನಾಲ್ಕು. ವಿಶಾಲನಿಗೆ ಗಡ್ಡ ಬಂತು. ದಾಕ್ಷಾಯಿಣಿ ಅತ್ತೆಗೆ ಟಿವಿ ಸೀರಿಯಲ್ಲಿನ ಸಿಟ್ಟಿನ ಅತ್ತೆಯ ಹುಬ್ಬು. ಈರವ್ವಜ್ಜಿಯ ಸೀರೆಯೊಳಗೆ ಯಾವುದೋ ಪರದೇಶದ ಮುದುಕಿ ನಿಂತು ನಗುತ್ತಿದ್ದಳು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕೂ ನಕ್ಕೂ ಕಾವೇರಿಗೆ ಯಾವಾಗ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಅಲ್ಲಿ ಗಬ್ಬೂರಿನಲ್ಲಿ ಅಜ್ಜಿ ಆಗಲೇ ಸುಳ್ಳು ಗುಡ್ಡದ ಫೋಟೋ ಇಳಿಸಿದ್ದಳು. ಗೋಡೆಗೆ ಬಣ್ಣ ಬಳಿಸಿ, ಹೊಸ ಮೊಳೆ ಹೊಡೆಸಿ, ದಿನಕ್ಕೆ ಎರಡು ಸಲ ಫೋನ್ ಮಾಡಿ ಫೋಟೋ ಆಯಿತೇನು ಎಂದು ಕೇಳುತ್ತಿದ್ದಳು.

ಕ್ಯಾಮೆರಾ ಕೆಟ್ಟಿತ್ತು ಎಂದು ತಾನು ಹೇಳುತ್ತೇನೆ, ನೀನು ಸುಮ್ಮನಿರು ಎಂದ ಕಾಕಾ. ಕಾವೇರಿಗೆ ಒಂದು ಗಳಿಗೆ ಜೀವ ಹಗುರಾಯಿತು. ಮರುಗಳಿಗೆ ಬೇಡ ಅನಿಸಿತು. ಅಜ್ಜಿ ಪಾಪ, ಕೆಟ್ಟ ಕ್ಯಾಮೆರಾವನ್ನು ಬೈಯುತ್ತಾ ಕೂರುತ್ತಾಳೆ. ಕೆಟ್ಟದ್ದು ಕ್ಯಾಮೆರಾ ಅಲ್ಲವಲ್ಲ.

“ನಾನ ಹೇಳ್ತೇನ್ರಿ ಕಾಕಾ,” ಎಂದು ಮೂಗು ಒರೆಸಿಕೊಂಡಳು.

ತೋರಿಸಲು ಪೇಪರಿನಷ್ಟು ದೊಡ್ಡದೊಂದು ಪ್ರಿಂಟ್ ತೆಗೆದುಕೊಂಡು ಇಬ್ಬರೂ ಸ್ಕೂಟರ್ ಮೇಲೆ ಗಬ್ಬೂರಿಗೆ ಹೋದರು. ಅಜ್ಜಿ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಹಳೇ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಎಪ್ಪತ್ತೆರಡು ವರ್ಷದ ಅಜ್ಜಿಗೆ ಚಾಳೀಸಿನ ಕನ್ನಡಕ ಬೇಕಿಲ್ಲ. ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಊರಿನ ಅರವತ್ತರ ಹೆಂಗಸರೆಲ್ಲ ಚಾಳೀಸು ಹುಡುಕುವಾಗ ಇವಳು ಬೀಗುವುದನ್ನು ನೋಡಬೇಕು.

ಕಾವೇರಿ ಪ್ರಿಂಟನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಎಲ್ಲಾ ಹೇಳಿದಳು. ಕಾಕಾ ಏನು ಹೇಳಿಕೊಟ್ಟಿದ್ದ, ತಾನು ಏನು ಮಾಡಿದೆ, ಹದಿನೆಂಟು ಮಂದಿಯ ಮುಖ ಹೇಗೆ ಹೋದವು, ಒಂದೂ ಬಿಡಲಿಲ್ಲ. ಹೇಳಿ ಮುಗಿಸಿ ಪ್ರಿಂಟ್ ಕೊಟ್ಟು, ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಳು.

ಅಜ್ಜಿ ಪ್ರಿಂಟನ್ನು ಮೂಗಿನ ಹತ್ತಿರ ತಂದು ನೋಡಿದಳು. ಪಾಂಡವರಿಗೆ ಕೈ ಮುಗಿದಳು. ಭೀಮನ ಮೇಲಿನ ಇರುವೆಯನ್ನು ಬೆರಳಿನಿಂದ ಝಾಡಿಸಲು ಹೋಗಿ ತಾನೇ ನಕ್ಕಳು. ಆಮೇಲೆ ಮೇಲೆ ನಿಂತ ಮಂದಿಯನ್ನು ಬಹಳ ಹೊತ್ತು ನೋಡಿದಳು.

“ಮಂದೀನೂ ಛಲೋನ ಬಂದಾರಲ್ಲ ನನ್ನವ್ವಾ. ಯಾಕ ಅಳತಿ?”

“ಇಲ್ಲಜ್ಜಿ, ಮಬ್ಬ ಬಂದಾರ. ಯಾರದೂ ಕಣ್ಣು ಮೂಗು ಕಾಣವಲ್ದು.”

“ದೂರ ನಿಂತ ಮಂದಿ ಮತ್ತ ಹೆಂಗ ಕಾಣಬೇಕ? ನನಗ ನೀವೆಲ್ಲಾರೂ ದಿನಾ ಹಿಂಗ ಕಾಣ್ತೀರಿ.”

ಅಜ್ಜಿ ಅದನ್ನು ದುಃಖದಿಂದ ಹೇಳಲಿಲ್ಲ. ಇವತ್ತು ಸಾರಿಗೆ ಉಪ್ಪು ಸರಿಯಾಗಿದೆ ಎಂದ ಹಾಗೆ ಹೇಳಿ, ಮತ್ತೆ ಕೌದಿ ಎತ್ತಿಕೊಂಡಳು. ಕಾಕಾ ಮಾತ್ರ ಹೆಲ್ಮೆಟ್ ಕೆಳಗಿಟ್ಟು ಅಲ್ಲೇ ಕೂತುಬಿಟ್ಟ.

ಕಾವೇರಿ ಗೇಟಿನವರೆಗೆ ಓಡಿ ಅಲ್ಲಿಂದ ತಿರುಗಿ, ನಾಲಿಗೆ ಹೊರಗೆ ಚಾಚಿ, ಎರಡೂ ಕಿವಿ ಜಗ್ಗಿ, ಕಣ್ಣು ಗುಡ್ಡೆ ಮೇಲೆ ಮಾಡಿ ನಿಂತಳು. ಇಂಥ ಮುಖ ನೋಡಿದರೆ ಅಜ್ಜಿ ಕಟ್ಟೆಯಿಂದ ಇಳಿದು ಬಂದು ಒಂದು ಬಿಗಿಯುವವಳೇ.

“ಅಜ್ಜಿ, ನಾ ಏನ ಮಾಡಾಕತ್ತೇನಿ?”

ಅಜ್ಜಿ ತಲೆ ಎತ್ತಿ ನೋಡಿದಳು. ಪ್ರೀತಿಯಿಂದಲೇ ನೋಡಿದಳು.

“ನಗಾಕತ್ತಿ,” ಎಂದಳು.

ಕಾವೇರಿಯ ಕೈಗಳು ಕಿವಿಯಿಂದ ಇಳಿದವು. ಹೋದ ವರ್ಷ ಶಾಲೆಯ ಡಾನ್ಸಿನಲ್ಲಿ ತಾನು ಮೂರನೇ ಸಾಲಿನಲ್ಲಿ ಕುಣಿಯುವಾಗ ಅಜ್ಜಿ ಚಪ್ಪಾಳೆ ತಟ್ಟುತ್ತಲೇ ಇದ್ದಳು. ಯಾವ ಹುಡುಗಿಗೆ ತಟ್ಟಿದ್ದಳೋ.

ಕಾಕಾ ಒಂದೊಂದೇ ಕೇಳಿದ, ಅಜ್ಜಿ ಒಂದೊಂದೇ ಹೇಳಿದಳು. ಮೂರು ವರ್ಷದಿಂದ ಹೀಗೇ ಇತ್ತು. ಯಾರು ಬಂದರೆಂದು ನಡಿಗೆ ನೋಡಿ ಹೇಳುತ್ತಿದ್ದಳು, ಚಪ್ಪಲಿಯ ಸಪ್ಪಳ ಕೇಳಿ ಹೇಳುತ್ತಿದ್ದಳು. ಮುಚ್ಚಿಡಬೇಕು ಎಂದೇನೂ ಅಲ್ಲ. ವಯಸ್ಸಾದವರಿಗೆ ದೂರದ್ದು ಹೀಗೇ ಕಾಣುತ್ತದೆ ಎಂದುಕೊಂಡಿದ್ದಳು, ಅಷ್ಟೇ. ಸೂಜಿಗೆ ದಾರ ಪೋಣಿಸುವವಳ ಕಣ್ಣು ಕೆಟ್ಟಿರಬಹುದು ಎಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸೋಮವಾರವೇ ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಒಂದು ಥರದ ಪೊರೆ ಇರುತ್ತದಂತೆ, ಅದು ಬಂದರೆ ಹತ್ತಿರದ್ದು ಮೊದಲಿಗಿಂತ ಚೆನ್ನಾಗಿ ಕಂಡು ದೂರದ್ದು ಮಾತ್ರ ಮಬ್ಬಾಗುತ್ತದಂತೆ. ಬಹಳ ಮಂದಿ ಇದರಿಂದ ಮೋಸ ಹೋಗುತ್ತಾರೆ ಎಂದರು. ಕಾಕಾ ಹೊರಗೆ ಬಂದು, ನಮ್ಮವ್ವನ ಕಣ್ಣೂ ವೈಡ್ ಲೆನ್ಸಿನ ಜಾತಿಯೇ ಎಂದು ಕಾವೇರಿಯ ಕಿವಿಯಲ್ಲಿ ಹೇಳಿದ.

ಜನವರಿಯಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು. ಇನ್ನೊಂದು ಯುಗಾದಿಯ ಹೊತ್ತಿಗೆ ಎಂದು ಠರಾವಾಯಿತು. ಕಪ್ಪು ಕನ್ನಡಕ ಹಾಕಿಕೊಂಡ ಅಜ್ಜಿ ಹದಿನೈದು ದಿನ ಹೀರೋಯಿನ್ ಥರ ಓಡಾಡಿದಳು. ಗೋಡೆಯ ಮೊಳೆ ಮಾತ್ರ ಖಾಲಿ ಇತ್ತು.

ಚರಗ ವರ್ಷಕ್ಕೆ ಒಂದೇ ಸಲ. ಇನ್ನೊಮ್ಮೆ ಮಾಡೋಣ ಅಂದರೆ ಆಗುವುದಿಲ್ಲ. ಆದರೆ ಹೊಲದಲ್ಲಿ ಹಿಂದೆ ಬಿತ್ತಿದ ಜೋಳ ಎಳೆತೆನೆ ಹಿಡಿದಿತ್ತು. ಸೀತನಿ ತಿನ್ನಲು ಬರ್ರಿ ಎಂದು ಅಜ್ಜಿ ಎಲ್ಲರಿಗೂ ಹೇಳಿ ಕಳಿಸಿದಳು. ಬೆಂಕಿಯಲ್ಲಿ ಸುಟ್ಟು ಉಜ್ಜಿದ ಹಸಿ ಜೋಳದ ಕಾಳು, ಜೊತೆಗೆ ಶೇಂಗಾ ಚಟ್ನಿ, ಬೆಲ್ಲ. ಅದಕ್ಕೆ ಯಾರು ಒಲ್ಲೆ ಅನ್ನುತ್ತಾರೆ? ಫೆಬ್ರವರಿಯ ಮೊದಲ ರವಿವಾರ ಹದಿನೆಂಟಕ್ಕೆ ಹದಿನೆಂಟು ಮಂದಿಯೂ ಬಂದರು.

ಕಾವೇರಿ ಬನ್ನಿಗಿಡದ ಕೆಳಗೆ ಮತ್ತೆ ಮೊಣಕಾಲೂರಿದಳು. ಈ ಸಲ ಕಾಕಾ ಎಲ್ಲಾ ಸರಿಯಾಗಿ ಹೇಳಿಕೊಟ್ಟಿದ್ದ. ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ ಸಣ್ಣದು ಮಾಡಬೇಕು. ಫೋಕಸನ್ನು ಕಲ್ಲಿಗೂ ಇಡಬಾರದು, ಮಂದಿಗೂ ಇಡಬಾರದು. ನಡುವೆ ಇಡಬೇಕು, ಅದೂ ಸ್ವಲ್ಪ ಕಲ್ಲಿನ ಕಡೆಗೇ. ಆಗ ಎರಡೂ ಬರುತ್ತವೆ.

ಅಲ್ಲಿ ಬರೀ ಮಣ್ಣಿತ್ತು. ಚೌಕ ಇಡಲು ಏನಾದರೂ ಬೇಕಲ್ಲ, ಕಾವೇರಿ ವಿಶಾಲನನ್ನು ಕರೆದು ಅಲ್ಲಿ ನಿಲ್ಲಿಸಿದಳು. ತನ್ನನ್ನು ಗೂಟ ಮಾಡಿದಳೆಂದು ಅವನು ಗೊಣಗಿದ. ಗೂಟ ಅಲುಗಾಡಬಾರದು ಎಂದಳು ಕಾವೇರಿ. ಪೀಂ ಅಂದ ಮೇಲೆ ಫೋಕಸ್ ಮತ್ತೆ ಸರಿಯದಂತೆ ಸ್ವಿಚ್ ಬದಲಿಸಿ ಅವನನ್ನು ಸಾಲಿಗೆ ಓಡಿಸಿದಳು.

ದೇವರು ಸಿಟ್ಟಾಗುವುದಿಲ್ಲವೇ ಎಂದು ಅವಳು ಅಜ್ಜಿಯನ್ನು ಮೊದಲೇ ಕೇಳಿಕೊಂಡಿದ್ದಳು. ಪಾಂಡವರು ಐದು ಮಂದಿ ಇದ್ದಾರೆ, ಅವರವರೇ ನೋಡಿಕೊಳ್ಳುತ್ತಾರೆ ಎಂದಿದ್ದಳು ಅಜ್ಜಿ.

ಒತ್ತುವ ಮೊದಲು ಕಾವೇರಿ ಸ್ಕ್ರೀನನ್ನು ಹಿಗ್ಗಿಸಿದಳು. ಧರ್ಮರಾಯ ಚೊಕ್ಕ. ಮೆಲ್ಲಗೆ ಮೇಲೆ ಸರಿಸಿ ಒಂದು ತುದಿಯಿಂದ ಒಬ್ಬೊಬ್ಬರನ್ನೇ ನೋಡುತ್ತಾ ಹೋದಳು. ಅಜ್ಜನ ಮೀಸೆಯಲ್ಲಿ ಜೋಳದ ಸಿಪ್ಪೆ. ಅವ್ವನ ಮೂಗುತಿ. ಕಾಕಾ ಎರಡೂ ಕಾಲ ಮೇಲೆ ನಿಂತು, ಹಲ್ಲು ಕಿಸಿದಿದ್ದ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು.

ಅಜ್ಜಿ ಮಾತ್ರ ನೋಡುತ್ತಿರಲಿಲ್ಲ.

ಅವಳು ಕಪ್ಪು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಳು. ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಕತ್ತು ಹೊರಳಿಸಿ, ಆ ತುದಿಯಿಂದ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಅಜ್ಜನ ಮೇಲೆ ಬಹಳ ಹೊತ್ತು ನಿಂತಳು. ಅಮರೇಶನ ಮೇಲೆ ನಿಂತಳು. ದಾಕ್ಷಾಯಿಣಿಯನ್ನು ನೋಡಿ ಅವಳ ತುಟಿ ಏನೋ ಅಂದುಕೊಂಡಿತು. ಮಗಳ ತಲೆಯಲ್ಲಿ ಬಿಳಿ ಕೂದಲು ಬಂದದ್ದು ಅವಳಿಗೆ ಇವತ್ತೇ ಗೊತ್ತಾಗಿರಬೇಕು.

“ಕಾವೇರಿ, ಅಜ್ಜಿ ಕ್ಯಾಮೆರಾ ನೋಡವಲ್ಲಳು. ಈಕಡೆ ನೋಡು ಅನ್ನು ಆಕಿಗೆ,” ಎಂದು ಕಾಕಾ ನಿಂತಲ್ಲಿಂದಲೇ ಕೂಗಿದ.

ಫೋಟೋ ತೆಗೆಯುವವರು ಹಾಗೆ ಅನ್ನಲೇಬೇಕು. ಕಾವೇರಿಗೂ ಅದು ಗೊತ್ತು. ಆದರೂ ಅವಳು ಅನ್ನಲಿಲ್ಲ.

ಅಜ್ಜಿ ಈಗ ವಿಶಾಲನವರೆಗೆ ಬಂದಿದ್ದಳು. ಇನ್ನೂ ಮೂರು ಮಂದಿ ಉಳಿದಿದ್ದರು. ಕಾವೇರಿ ಬಟನ್ ಮೇಲೆ ಬೆರಳಿಟ್ಟುಕೊಂಡು ಆ ಮೂರು ಮಂದಿ ಮುಗಿಯಲಿ ಎಂದು ಕಾದಳು.